ಓಟಿನ ಋಣ

ಜನ ಫೋನಿನಲ್ಲಿ ಓಟು ಹಾಕಿ ಆರಿಸುವ ಹಳೇ ಗಾಡಿಗಳ ಸ್ಪರ್ಧೆಯಲ್ಲಿ ನಿನ್ನ ಪದ್ಮಿನಿ ಗೆದ್ದಿತಲ್ಲ, ಬಹಳ ಸಂತೋಷವಾಯಿತು ಮಗು. ಫಲಿತಾಂಶ ಬಂದ ರಾತ್ರಿ ನೀನು ಫೋನ್ ಮಾಡುವ ಮೊದಲೇ ಹುಬ್ಬಳ್ಳಿಯಿಂದ ಒಬ್ಬರು, ಮಂಗಳೂರಿನಿಂದ ಒಬ್ಬರು, ಮಸ್ಕತ್ತಿನಿಂದ ಒಬ್ಬರು ನನಗೆ ಸುದ್ದಿ ಮುಟ್ಟಿಸಿದ್ದರು. ತಮ್ಮ ಮನೆಯ ಗಾಡಿಯೇ ಗೆದ್ದ ಹಾಗೆ ಮಾತಾಡಿದರು. ಅವರಲ್ಲಿ ಇಬ್ಬರು ನಿನ್ನ ಮುಖವನ್ನೂ ನೋಡಿದವರಲ್ಲ. ಅಂಥವರ ಓಟಿನಿಂದ ಗೆದ್ದವನಿಗೆ ಶಹಭಾಸ್ ಹೇಳಿ ಸುಮ್ಮನಾಗಲು ನನಗೆ ಮನಸ್ಸಾಗಲಿಲ್ಲ. ಹಳೇ ಗಾಡಿಗಳ ನಡುವೆಯೇ ತಲೆ ನರೆತವನು ನಾನು, ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ.

ಹೇಗೆ ಗೆದ್ದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ. ಇನ್ನು ಆರು ತಿಂಗಳು ಕಳೆದರೆ ಗಾಡಿ ಚೆನ್ನಾಗಿತ್ತು, ಅದಕ್ಕೇ ಗೆದ್ದಿತು ಎಂದು ನಿನಗೇ ಅನಿಸತೊಡಗುತ್ತದೆ. ಗಾಡಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸುತ್ತು ದಾಟಿಸಿದ್ದು ನಿನ್ನ ಕಾಲೇಜಿನ ಗೆಳೆಯರು ಮತ್ತು ನೆಂಟರಿಷ್ಟರು. ಎರಡನೇ ಸುತ್ತಿಗೆ ಅವರೆಲ್ಲರ ಓಟು ಮುಗಿದುಹೋಯಿತು. ಎದುರಿಗಿದ್ದ ಜೀಪು ಮೊದಲ ದಿನ ಸಂಜೆಗೇ ಮುಂದೆ ಹೋಗಿತ್ತು. "ಆಗಲ್ಲ ದೊಡ್ಡಪ್ಪ, ಬಿಡಿ" ಎಂದು ನೀನು ಕೈಚೆಲ್ಲಿದ್ದೆ. ಅದೇ ಸಂಜೆ ಇನ್ನೊಂದು ಕಡೆ ಅಂಬಾಸಡರ್ ಸೋತಿತು. ಹುಬ್ಬಳ್ಳಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಅಂಬಾಸಡರ್ ಭಕ್ತರೊಬ್ಬರು ಆ ರಾತ್ರಿಯೇ ತಮ್ಮವರಿಗೆಲ್ಲ ಹೇಳಿ ಕಳಿಸಿದರು: "ನಮ್ದು ಮುಗೀತು. ಇನ್ನ ಎಲ್ಲಾರೂ ಫಿಯಟ್‌ಗೆ ಹಾಕ್ರಿ."

ಆ ಮಾತಿನ ತೂಕ ನಿನ್ನ ವಯಸ್ಸಿನವರಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ನಾವು ಹುಡುಗರಾಗಿದ್ದಾಗ ರಸ್ತೆಯಲ್ಲಿ ಕಾಣುತ್ತಿದ್ದದ್ದು ಹೆಚ್ಚೂಕಮ್ಮಿ ಮೂರೇ ಕಾರು. ಕಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್, ಬೊಂಬಾಯಿಯ ಕುರ್ಲಾದಿಂದ ಬರುತ್ತಿದ್ದ, ಆಮೇಲೆ ಪದ್ಮಿನಿ ಎಂದು ಹೆಸರಾದ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ತಂದ ಮೇಲೆ ತನ್ನ ಗಾಡಿಯೇ ಮೇಲು ಎಂದು ವಾದಿಸದೆ ಇರಲು ಯಾರಿಗೆ ಸಾಧ್ಯ? ಹಳ್ಳಿಯ ರಸ್ತೆಗೆ ಫಿಯಟ್ ತಾಳುವುದಿಲ್ಲ, ಹಿಂದಿನ ಸೀಟಿನಲ್ಲಿ ನಾಲ್ಕು ಜನ ಕೂರಲಿ ನೋಡೋಣ ಎಂದು ಅಂಬಾಸಡರ್‌ನವರು ಕೆಣಕುತ್ತಿದ್ದರು. ಆ ಸ್ಟೀರಿಂಗ್ ತಿರುಗಿಸಲು ಪೈಲ್ವಾನನೇ ಬೇಕು, ಪೆಟ್ರೋಲ್ ಬಂಕಿನವನು ಅದನ್ನು ಕಂಡರೆ ಎದ್ದು ನಿಲ್ಲುತ್ತಾನೆ ಎಂದು ಫಿಯಟ್‌ನವರು ತಿರುಗಿಸಿ ಕೊಡುತ್ತಿದ್ದರು. ಮದುವೆ ಮನೆಯ ಜಗುಲಿಗಳಲ್ಲಿ ಈ ಜಗಳ ಕೇಳಿಯೇ ನಾನು ಬೆಳೆದದ್ದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಇಬ್ಬರ ಕಾಲವೂ ಇಳಿಮುಖವಾಯಿತು. ಪದ್ಮಿನಿ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತುಹೋಯಿತು, ಅಂಬಾಸಡರ್ 2014ರಲ್ಲಿ. ಅಷ್ಟು ವರ್ಷ ಹಟ ಸಾಧಿಸಿದವರು, ಈ ಸಲ ತಮ್ಮ ಗಾಡಿ ಸೋತ ಗಂಟೆಯಲ್ಲೇ ನಿನ್ನ ಬೆನ್ನಿಗೆ ನಿಂತರು. ನೀನು ಗೆದ್ದದ್ದು ಅಲ್ಲಿ. ಆಮೇಲೆ ನಡೆದದ್ದೆಲ್ಲ ಅದರ ಮುಂದುವರಿಕೆ.

ಹೆರಾಲ್ಡ್‌ನವರು ಸಂಖ್ಯೆಯಲ್ಲಿ ಕಡಿಮೆ, ಆದರೆ ಒಬ್ಬೊಬ್ಬರೂ ಇಡೀ ಕುಟುಂಬವನ್ನು ಕರೆತಂದರು. ಮೈಸೂರಿನ ಜಾವಾ-ಯೆಜ್ಡಿ ಹುಡುಗರು ಬಂದರು. ಅವರಿಗೆ ಈ ಕೆಲಸ ಹೊಸದಲ್ಲ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಊರೂರಿನಲ್ಲಿ ಬೈಕುಗಳನ್ನು ಸೇರಿಸುವ ಶಿಸ್ತು ಅವರಲ್ಲಿದೆ. ಯಾದವಗಿರಿಯ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಆ ಬೈಕುಗಳು ಇನ್ನೂ ಓಡುತ್ತಿರುವುದೇ ಈ ಒಗ್ಗಟ್ಟಿನಿಂದ. ಇನ್ನು ಗ್ಯಾರೇಜಿನಲ್ಲಿ ನಡೆದದ್ದನ್ನು ನೀನು ನೋಡಲಿಲ್ಲ, ನಾನು ಅಲ್ಲೇ ಕೂತಿದ್ದೆ. ನಿನ್ನ ಗಾಡಿಯ ತಳದ ತಗಡು ಪೂರ್ತಿ ಕತ್ತರಿಸಿ ಹೊಸದು ಕೂರಿಸಿದ ಟಿಂಕರಿಂಗ್ ಮೇಸ್ತ್ರಿಯ ಹತ್ತಿರ ಇರುವುದು ಬಟನ್ ಫೋನು. ಅದರಲ್ಲಿ ಓಟು ಹಾಕಲು ಬರುವುದಿಲ್ಲ ಎಂದು ತಿಳಿದಾಗ ಅವರು ಸುಮ್ಮನೆ ಹೋಗಿ ಕೈ ತೊಳೆದುಕೊಂಡು ಬಂದರು. ಪಿಯುಸಿ ಓದುತ್ತಿರುವ ಮಗಳನ್ನು ಮನೆಯಿಂದ ಕರೆಸಿದರು. ಆ ಹುಡುಗಿ ಪೇಂಟ್ ಡಬ್ಬದ ಮೇಲೆ ಕೂತು, ಗ್ಯಾರೇಜಿಗೆ ಬಂದ ಡ್ರೈವರುಗಳಿಗೆ, ಪಕ್ಕದ ಪಂಕ್ಚರ್ ಅಂಗಡಿಯವನಿಗೆ, ಟೀ ತಂದುಕೊಟ್ಟ ಹುಡುಗನಿಗೆ ಒಬ್ಬೊಬ್ಬರಿಗೇ ಹೇಳಿಕೊಟ್ಟಳು. ಅವರವರ ಫೋನನ್ನು ಅವರವರ ಕೈಯಲ್ಲೇ ಇರಿಸಿ, ಇಲ್ಲಿ ಒತ್ತಿ, ಈಗ ಮೆಸೇಜು ಬರುತ್ತದೆ, ಆ ನಂಬರನ್ನು ನೀವೇ ಹಾಕಿ ಎಂದಳು. ಮೇಸ್ತ್ರಿ ಪಕ್ಕದಲ್ಲಿ ನಿಂತು, "ಇದರ ಫ್ಲೋರು ನಾನೇ ಮಾಡಿದ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಸಂಜೆಯವರೆಗೂ ಬೇರೆ ಕೆಲಸ ಮುಟ್ಟಲಿಲ್ಲ.

ಈ ಓಟುಗಳನ್ನು ಕೈಗಡ ಎಂದು ತಿಳಿ. ಪತ್ರ ಇಲ್ಲ, ಬಡ್ಡಿ ಇಲ್ಲ, ಯಾರೂ ಬಾಗಿಲಿಗೆ ಬಂದು ಕೇಳುವುದಿಲ್ಲ. ಕೇಳದೆ ಇರುವುದರಿಂದಲೇ ನೆನಪಿಟ್ಟು ತೀರಿಸಬೇಕಾದದ್ದು.

ಜನರ ಓಟಿನಿಂದ ಗೆದ್ದ ಕಾರು ನಿಜಕ್ಕೂ ದೊಡ್ಡ ಕಾರೇ ಎಂದು ನಿನ್ನ ಗೆಳೆಯನೊಬ್ಬ ಕೇಳಿದನಂತೆ. ಪ್ರಶ್ನೆ ಒಳ್ಳೆಯದು, ಕೋಪ ಮಾಡಿಕೊಳ್ಳಬೇಡ. 1999ರಲ್ಲಿ ಶತಮಾನದ ಕಾರು ಯಾವುದೆಂದು ಆರಿಸುವ ಜಾಗತಿಕ ಸ್ಪರ್ಧೆ ಮುಗಿಯಿತು. ಏಳುನೂರು ಕಾರುಗಳ ಪಟ್ಟಿಯಿಂದ ಶುರು ಮಾಡಿ ಇನ್ನೂರಕ್ಕೆ, ನೂರಕ್ಕೆ ಇಳಿಸಿದರು. ಆ ನೂರರಿಂದ ಪತ್ರಕರ್ತರ ಮಂಡಳಿ 25 ಕಾರು ಆರಿಸಿತು. ಜನ ಇಂಟರ್ನೆಟ್‌ನಲ್ಲಿ ಓಟು ಹಾಕಿ 10 ಆರಿಸಿದರು. ಇಂಟರ್ನೆಟ್ ಎಂದರೆ ಇನ್ನೂ ಹೊಸತಾಗಿದ್ದ ಕಾಲ ಅದು. ಜನರು ಆರಿಸಿದ ಹತ್ತರಲ್ಲಿ ಒಂಬತ್ತು ಬಲ್ಲವರ ಪಟ್ಟಿಯಲ್ಲೂ ಇದ್ದವು! ಕೊನೆಗೆ ಮಂಡಳಿಯ ಅಂಕಗಳಲ್ಲಿ ಫೋರ್ಡ್ ಮಾಡೆಲ್ ಟಿ ಮೊದಲನೆಯದಾಯಿತು, ಮಿನಿ ಎರಡನೆಯದು, ಸಿಟ್ರೊಯೆನ್ ಡಿಎಸ್ ಮೂರನೆಯದು, ಫೋಕ್ಸ್‌ವ್ಯಾಗನ್ ಬೀಟಲ್ ನಾಲ್ಕನೆಯದು. ಈ ನಾಲ್ಕರಲ್ಲಿ ಒಂದೂ ಶ್ರೀಮಂತರ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ ಗಾಡಿಯಲ್ಲ. ಮಾಡೆಲ್ ಟಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾಯಿತು. ರೈತರು ಅದರಲ್ಲಿ ಸಂತೆಗೆ ಹೋದರು, ಅದರ ಹಿಂದಿನ ಚಕ್ರಕ್ಕೆ ಬೆಲ್ಟ್ ಕಟ್ಟಿ ಗರಗಸ ಓಡಿಸಿದರು.

ನಿನ್ನ ಪದ್ಮಿನಿಯೂ ಅದೇ ಜಾತಿಯದು. 1089 ಸಿಸಿ ಇಂಜಿನ್ನು, ಸ್ಟೀರಿಂಗ್ ಪಕ್ಕದ ಗೇರು. ಅದರ ವೇಗ ನೋಡಿ ಯಾರೂ ಓಟು ಹಾಕಿಲ್ಲ. ಮೊದಲ ಹೆರಿಗೆಗೆ ಹೆಂಡತಿಯನ್ನು ಅದರಲ್ಲಿ ಕರೆದೊಯ್ದವರು ಹಾಕಿದ್ದಾರೆ, ಅಪ್ಪನ ಪಕ್ಕ ಕೂತು ಅದರಲ್ಲಿ ಡ್ರೈವಿಂಗ್ ಕಲಿತವರು ಹಾಕಿದ್ದಾರೆ. ಬೊಂಬಾಯಿಯಲ್ಲಿ ದುಡಿದ ಕರಾವಳಿಯವರು ಕಪ್ಪು-ಹಳದಿ ಟ್ಯಾಕ್ಸಿಯ ನೆನಪಿಗೆ ಹಾಕಿದ್ದಾರೆ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು. ಓಟಿನ ಜೊತೆ ನಿನಗೆ ಬಂದ ಮೆಸೇಜುಗಳನ್ನು ಓದಿದೆಯಾ? ಎಷ್ಟೋ ಜನ ತಮ್ಮ ಅಪ್ಪನ ಗಾಡಿಯ ನಂಬರನ್ನು ಬರೆದಿದ್ದಾರೆ. ಕೆಎ ಬರುವ ಮೊದಲಿನ, ಎಂಇ, ಸಿಎ ಎಂದು ಶುರುವಾಗುವ ಹಳೇ ನಂಬರುಗಳು. ಗಾಡಿ ಮಾರಿ ಮೂವತ್ತು ವರ್ಷವಾದರೂ ನಂಬರು ಬಾಯಿಪಾಠ. ಆ ಮೆಸೇಜುಗಳನ್ನು ಅಳಿಸಬೇಡ. ಒಂದೊಂದಕ್ಕೂ ನಿನ್ನ ಕೈಯಾರೆ ಉತ್ತರ ಬರೆ, ಒಂದು ತಿಂಗಳಾದರೂ ಚಿಂತೆಯಿಲ್ಲ. ಎಲ್ಲರಿಗೂ ಒಂದೇ ಧನ್ಯವಾದವನ್ನು ಒಟ್ಟಿಗೆ ಕಳಿಸಿ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಓಟು ಕೇಳುವ ರೀತಿಯ ಬಗ್ಗೆಯೂ ಹೇಳಬೇಕು, ಏಕೆಂದರೆ ಮುಂದೆ ಬೇರೆಯವರಿಗಾಗಿ ನೀನೇ ಕೇಳಬೇಕಾಗುತ್ತದೆ. ನಿನ್ನ ಗೆಳೆಯರಲ್ಲಿ ಒಬ್ಬ ಆತುರಕ್ಕೆ ಬಿದ್ದು, ತನ್ನ ಬೀದಿಯ ಹಿರಿಯರಿಗೆಲ್ಲ ಫೋನ್ ಮಾಡಿ, "ಒಂದು ಓಟಿಪಿ ಬರುತ್ತೆ ಅಜ್ಜಿ, ಅದನ್ನ ಹೇಳಿಬಿಡಿ, ನಾನೇ ಓಟು ಹಾಕ್ತೀನಿ" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅವನ ಮನಸ್ಸು ಒಳ್ಳೆಯದೇ. ಆದರೆ ಅವನು ಆ ಅಜ್ಜಿಗೆ ಕಲಿಸಿದ್ದೇನು? ಫೋನಿನಲ್ಲಿ ಯಾರಾದರೂ ಪ್ರೀತಿಯಿಂದ ಕೇಳಿದರೆ ಓಟಿಪಿ ಹೇಳಬಹುದು ಎಂದು. ನಾಳೆ ಬ್ಯಾಂಕಿನ ಹೆಸರು ಹೇಳಿ ಇನ್ನೊಬ್ಬ ಕೇಳಿದಾಗ ಆಕೆಗೆ ಅನುಮಾನ ಬರುವುದಾದರೂ ಹೇಗೆ? ನಮ್ಮ ಹುಡುಗಿಗೆ ಸ್ಪರ್ಧೆಯಲ್ಲಿ ಓಟು ಹಾಕಿ ಎಂದು ಲಿಂಕು ಕಳಿಸಿ, ನಂಬರೂ ಕೋಡೂ ಕೇಳಿ, ವಾಟ್ಸ್ಆ್ಯಪ್ ಖಾತೆಯನ್ನೇ ಕಸಿದುಕೊಂಡು, ಆ ಹೆಸರಿನಲ್ಲಿ ನೆಂಟರ ಹತ್ತಿರ ದುಡ್ಡು ಕೇಳುವ ಮೋಸವೂ ಇದೆ. ಹಾಗಾಗಿ ಬರೀ ಲಿಂಕನ್ನು ಕಳಿಸಬೇಡ. ಮೊದಲು ಫೋನ್ ಮಾಡು, ಯಾವ ಗಾಡಿ, ಯಾಕೆ ಎಂದು ಹೇಳು, ಆಮೇಲೆ ಕಳಿಸು. ಮೇಸ್ತ್ರಿಯ ಮಗಳು ಮಾಡಿದಳಲ್ಲ, ಹಾಗೆ. ಫೋನು ಅವರ ಕೈಯಲ್ಲಿರಲಿ, ನಂಬರು ಅವರೇ ಹಾಕಲಿ. ಒಂದು ಓಟು ಕಡಿಮೆಯಾದರೆ ಆಗಲಿ.

ಸಾವಿರ ಓಟಿಗೆ ಇಷ್ಟು ಎಂದು ರೇಟು ಹೇಳಿ ಒಬ್ಬ ನಿನಗೆ ಮೆಸೇಜು ಕಳಿಸಿದ್ದ. ಸೆಮಿಫೈನಲ್ಲಿನಲ್ಲಿ ಹಿಂದೆ ಬಿದ್ದಿದ್ದರೂ ನೀನು ಬೇಡವೆಂದೆ. ಈ ಇಡೀ ಸ್ಪರ್ಧೆಯಲ್ಲಿ ನನಗೆ ಹೆಮ್ಮೆ ತಂದದ್ದು ಅದೊಂದೇ, ಗೆಲುವಿಗಿಂತ ಹೆಚ್ಚಾಗಿ. ಅಂಥ ಓಟುಗಳು ಮನುಷ್ಯರದ್ದಲ್ಲ, ಕಂಪ್ಯೂಟರ್ ಪ್ರೋಗ್ರಾಮಿನದು. ರಾತ್ರಿ ಎರಡು ಗಂಟೆಗೆ ಗೊಂಚಲು ಗೊಂಚಲಾಗಿ ಬೀಳುತ್ತವೆ, ಲೆಕ್ಕ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಅವುಗಳ ಜೊತೆಗೆ ಮೇಸ್ತ್ರಿ ಇಡೀ ದಿನ ನಿಂತು ಹಾಕಿಸಿದ ಓಟಿನ ಮೇಲೂ ಅನುಮಾನ ಬರುತ್ತದೆ. ಅವರ ಒಂದು ದಿನದ ದುಡಿಮೆಯನ್ನು ಹಾಗೆ ಮಣ್ಣುಪಾಲು ಮಾಡುವ ಹಕ್ಕು ನಿನಗಿರಲಿಲ್ಲ.

ಇನ್ನು ಗಾಡಿಯ ವಿಷಯ. ಗೆದ್ದ ಮೇಲೆ ನಿನ್ನ ಫೋಟೋಗಳು ನಾಡೆಲ್ಲ ತಿರುಗುತ್ತಿವೆ. ಹೊಸದಾಗಿ ಪದ್ಮಿನಿ ರಿಪೇರಿಗೆ ಕೈ ಹಾಕುವ ಹುಡುಗರು ನಿನ್ನ ಗಾಡಿಯನ್ನೇ ಮಾದರಿ ಎಂದು ಇಟ್ಟುಕೊಳ್ಳುತ್ತಾರೆ. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿದ್ದೀಯಲ್ಲ, ಅದನ್ನು ಹೇಳು. ಆ ತಿಳಿ ಹಸಿರು ಬಣ್ಣ ಕಂಪನಿಯದಲ್ಲ, ನಿನ್ನ ಅಮ್ಮನಿಗೆ ಇಷ್ಟವೆಂದು ಹೊಡೆಸಿದ್ದು, ಅದನ್ನೂ ಹೇಳು. ಬಾಗಿಲ ಬೀಡಿಂಗು ಬೇರೆ ಮಾಡೆಲ್ಲಿನದು. ಇವು ಯಾವುವೂ ತಪ್ಪಲ್ಲ, ಓಡುವ ಗಾಡಿಗೆ ಇಂಥವು ಬೇಕಾಗುತ್ತವೆ. ಮುಚ್ಚಿಟ್ಟರೆ ಮಾತ್ರ ನಿನ್ನ ಒಂದು ಬೀಡಿಂಗು ನೋಡಿ ಹತ್ತು ಗಾಡಿಗಳು ಅದೇ ಬೀಡಿಂಗು ಹಾಕಿಸಿಕೊಳ್ಳುತ್ತವೆ, ಮುಂದಿನವರಿಗೆ ಅಸಲಿ ಯಾವುದೆಂದು ಕೇಳಲು ಯಾರೂ ಉಳಿದಿರುವುದಿಲ್ಲ.

ಇದು ಕಾಗದಪತ್ರಕ್ಕೂ ಸಂಬಂಧಿಸಿದ ಮಾತು. ನಿನ್ನ ಗಾಡಿಗೆ ಐವತ್ತು ತುಂಬುವ ಕಾಲ ಹತ್ತಿರ ಬಂತು. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ಅದಕ್ಕೆ ಷಾಸಿ, ಬಾಡಿ, ಇಂಜಿನ್ನು ಅಸಲಿ ರೂಪದಲ್ಲಿ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿ ಇಂಥವಕ್ಕಷ್ಟೆ. ನಿನ್ನ ಅಮ್ಮ ಗುರುವಾರ ಗುರುವಾರ ಅದರಲ್ಲೇ ರಾಯರ ಮಠಕ್ಕೆ ಹೋಗುವವರು. ಗೆದ್ದ ಉತ್ಸಾಹದಲ್ಲಿ ಆರ್‌ಟಿಒ ಕಡೆ ಓಡಬೇಡ. ನನ್ನ ಅಭಿಪ್ರಾಯ ಕೇಳಿದರೆ ಎಫ್‌ಸಿ ಮಾಡಿಸುತ್ತಾ ಓಡಿಸುವುದೇ ಮೇಲು. ಅದನ್ನು ರಸ್ತೆಯಲ್ಲಿ ಕಂಡು ಕೈ ಬೀಸುವ ಜನರಿಂದಲೇ ಅಲ್ಲವೇ ನೀನು ಗೆದ್ದದ್ದು.

ಓಡಿಸುವುದಾದರೆ ಪೆಟ್ರೋಲಿನ ಪೈಪುಗಳನ್ನು ಈ ವಾರವೇ ನೋಡಿಸು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಆ ಕಾಲದ ರಬ್ಬರನ್ನು ಅದು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ, ಪಂಪಿನ ಡಯಾಫ್ರಾಮ್ ಕೂಡ ಉಳಿಯುವುದಿಲ್ಲ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಒಸರಿದರೆ ಏನಾಗುತ್ತದೆಂದು ನಿನಗೆ ಹೇಳಬೇಕಿಲ್ಲ. ಎಥನಾಲ್ ತಡೆಯುವ ಪೈಪು ಹಾಕಿಸು, ಸೀಟಿನ ಕೆಳಗೆ ಬೆಂಕಿ ಆರಿಸುವ ಸಿಲಿಂಡರ್ ಇಡು. ಗೆದ್ದ ಗಾಡಿಯನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಅದು ನಿನ್ನ ಜವಾಬ್ದಾರಿ.

ಋಣ ತೀರಿಸುವುದು ಹೇಗೆ ಎಂದು ಕೇಳಿದೆಯಲ್ಲ. ನಿನ್ನ ಹತ್ತಿರ ಎರಡು ಜೊತೆ ವೀಲ್ ಕಪ್ಪು, ಒಂದು ಹೆಚ್ಚುವರಿ ಕಾರ್ಬೊರೇಟರ್, ಶಿವಾಜಿನಗರದ ಗುಜರಿಯಿಂದ ತಂದಿಟ್ಟ ಬಾಗಿಲ ಹಿಡಿಗಳು ಇವೆ. ಮುಂದೆ ಬೆಲೆ ಬರುತ್ತದೆ ಎಂದು ಅಟ್ಟದ ಮೇಲೆ ಇಡಬೇಡ. ಬೇಕಾದವರಿಗೆ ಕೊಂಡ ಬೆಲೆಗೇ ಕೊಡು. ಬ್ರೇಕ್ ಮಾಸ್ಟರ್ ಸಿಲಿಂಡರಿನ ಕಿಟ್ ಎಲ್ಲಿ ಸಿಗುತ್ತದೆ, ಚೆನ್ನೈನ ಪುದುಪೇಟೆಯಲ್ಲಿ ಯಾವ ಸಾಲಿನಲ್ಲಿ ಹುಡುಕಬೇಕು, ಯಾರು ಗಾಜು ಕತ್ತರಿಸಿಕೊಡುತ್ತಾರೆ ಎಂದು ನೀನು ಎರಡು ವರ್ಷ ಅಲೆದು ತಿಳಿದುಕೊಂಡದ್ದನ್ನು ಕನ್ನಡದಲ್ಲಿ ಬರೆದು ಹಂಚು. ಈ ವಿದ್ಯೆ ಇರುವುದೆಲ್ಲ ವಯಸ್ಸಾದ ಮೇಸ್ತ್ರಿಗಳ ಕೈಯಲ್ಲಿ, ಕಾಗದದ ಮೇಲೆ ಎಲ್ಲೂ ಇಲ್ಲ. ಅವರಲ್ಲಿ ಒಬ್ಬರು ಅಂಗಡಿ ಮುಚ್ಚಿದರೆ ಎಷ್ಟು ಗಾಡಿಗಳು ಶೆಡ್ಡಿಗೆ ಸೇರುತ್ತವೆ ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಎಲ್ಲಿ ಗಾಡಿಯ ಫೋಟೋ ಹಾಕಿದರೂ ಟಿಂಕರಿಂಗ್ ಮಾಡಿದವರ, ಇಂಜಿನ್ನು ಕೂರಿಸಿದವರ, ಸೀಟು ಹೊಲಿದವರ ಹೆಸರು ಕೆಳಗೆ ಹಾಕು. ಬಹುಮಾನವಾಗಿ ಬಂದ ಟೂಲ್ ಕಿಟ್ಟನ್ನು ಮೇಸ್ತ್ರಿಗೆ ಕೊಟ್ಟುಬಿಡು. ಟ್ರೋಫಿ ನಿನ್ನ ಮನೆಯಲ್ಲಿರಲಿ, ಪಾನೆಗಳು ಕೆಲಸ ಮಾಡುವ ಕೈಯಲ್ಲಿರಲಿ.

ಅಂಬಾಸಡರ್‌ನವರ ಊರಿಗೂ ಒಮ್ಮೆ ಹೋಗಿ ಬಾ. ಫೋನಿನಲ್ಲಿ ಥ್ಯಾಂಕ್ಸ್ ಹೇಳಿದ್ದೇನೆ ಎನ್ನಬೇಡ. ಹುಬ್ಬಳ್ಳಿಗೆ ಪದ್ಮಿನಿಯಲ್ಲೇ ಹೋಗು, ಬೆಳಗಿನ ತಂಪಿನಲ್ಲಿ ಹೊರಡು, ಅವಸರ ಮಾಡದೆ ಓಡಿಸು. ಅಂಗಡಿಯ ಮುಂದೆ ನಿಲ್ಲಿಸಿ ಕೀಲಿಯನ್ನು ಅವರ ಕೈಗೆ ಕೊಟ್ಟು, ಒಂದು ಸುತ್ತು ಓಡಿಸಿಕೊಂಡು ಬನ್ನಿ ಎನ್ನು. ಅವರು ಗಾಡಿಯಲ್ಲಿ ನೂರು ದೋಷ ಹೇಳುತ್ತಾರೆ, ವಾದ ಮಾಡು, ಅವರಿಗೂ ಅದೇ ಬೇಕು.

ಶಿವಮೊಗ್ಗದ ಒಬ್ಬ ಹುಡುಗಿ ತನ್ನ ಅಜ್ಜನ ಹೆರಾಲ್ಡನ್ನು ಬರುವ ವರ್ಷದ ಸ್ಪರ್ಧೆಗೆ ಸಿದ್ಧ ಮಾಡುತ್ತಿದ್ದಾಳೆ. ಬಾನೆಟ್ಟು, ಮಡ್‌ಗಾರ್ಡು, ಲೈಟು ಎಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದಲ್ಲ, ಆ ಗಾಡಿ. ಇಟಲಿಯ ಮಿಕೆಲೋತ್ತಿ ರೂಪ ಕೊಟ್ಟ ಅಂಥ ಚೆಂದದ ಕಾರು ನಮ್ಮಲ್ಲಿ 1970ರ ದಶಕದ ಆರಂಭದಲ್ಲೇ ನಿಂತುಹೋಯಿತು, ಉಳಿದಿರುವುದು ಬೆರಳೆಣಿಕೆಯಷ್ಟು. ಅವಳ ಮನೆಯವರು ಈ ಸಲ ನಿನಗೆ ಹಾಕಿದ್ದಾರೆ. ಅವಳಿಗೆ ಬಂಪರ್ ಬ್ರಾಕೆಟ್ ಸಿಕ್ಕಿಲ್ಲವಂತೆ. ಇವತ್ತೇ ಫೋನ್ ಮಾಡಿ ಏನೇನು ಬೇಕೆಂದು ಕೇಳು.